ಕೊಸರಿಲ್ಲದ ನೂರು

ಕಾಲೇಜಿನಿಂದ ಬಂದ ಸಾಕ್ಷಿ ಪುಸ್ತಕದ ಚೀಲವನ್ನು ಗೂಟಕ್ಕೆ ಹಾಕಲಿಲ್ಲ. ಪಡಸಾಲೆಯ ಮೂಲೆಗೆ ಬೀಸಿ ಒಗೆದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ರೇಣವ್ವನ ಕೈ ನಿಂತಿತು. ಮಗಳಿಗೆ ಸಿಟ್ಟು ಬರುವುದು ಹೊಸದಲ್ಲ, ಅದು ತಾಯಿಯ ಕಡೆಯಿಂದಲೇ ಬಂದದ್ದು. ಆದರೆ ಈ ಹುಡುಗಿ ಪುಸ್ತಕ ಒಗೆದದ್ದನ್ನು ಅವಳು ಎಂದೂ ಕಂಡಿರಲಿಲ್ಲ.

“ಏನಾತು?”

“ಏನಿಲ್ಲ.”

“ಏನಿಲ್ಲದ್ದಕ್ಕ ಚೀಲಾ ಹಂಗ ಹೋಗಿ ಬೀಳತೈತೇನ? ಬಾಯಿ ಬಿಡ.”

ಸಾಕ್ಷಿ ಚೀಲದಿಂದ ಮಡಚಿದ ಹಾಳೆಯೊಂದನ್ನು ತೆಗೆದು ತಾಯಿಯ ಮುಂದೆ ಹಿಡಿದಳು. “ಇದರ ಮ್ಯಾಲೆ ನಂದೊಂದು ಸಹಿ, ನಿಮ್ಮದೊಂದು ಸಹಿ ಬೇಕಂತ. ನಾಳೆ ಮುಂಜಾನಿ ಕೊಡಬೇಕಂತ. ಇಲ್ಲಾಂದ್ರ ಸೈನ್ಸ್ ಕ್ಲಾಸಿನ್ಯಾಗ ಕುಂಡ್ರೂದು ಬ್ಯಾಡಂತ.”

ರೇಣವ್ವ ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಓದಿದಳು. ‘ರಸಾಯನಶಾಸ್ತ್ರದ ಕಿರುಪರೀಕ್ಷೆಯಲ್ಲಿ ನಾನು ನಕಲು ಮಾಡಿದ್ದು ನಿಜವಿರುತ್ತದೆ.’ ಮುಂದೆ ಓದಲಿಲ್ಲ. ನಕಲು ಎಂಬ ಮಾತಿಗೇ ಅವಳ ನೆತ್ತಿಗೆ ಬೆಂಕಿ ಹತ್ತಿತು.

“ಕಾಪಿ ಹೊಡದೀ? ಏ ಖೋಡಿ, ಕಾಪಿ ಹೊಡದೀ? ನಾ ಬಿಸಲಾಗ ಕುಂತು ಲಿಂಬಿಕಾಯಿ ಎಣಿಸಿ ನಿನ್ನ ಕಾಲೇಜಿಗೆ ಕಳಿಸಿದ್ದು ಮಂದಿ ಪೇಪರಿನ್ಯಾಗ ಹಣಿಕಿ ಹಾಕಾಕ?”

“ಹೊಡದಿಲ್ಲ!” ಸಾಕ್ಷಿಯ ಕೂಗಿಗೆ ಬಾಗಿಲ ಮುಂದಿನ ಕೋಳಿಗಳು ಚದುರಿ ಓಡಿದವು. “ನೀನೂ ಸರ್ ಅಂದಂಗ ಅಂತೀಯಲ್ಲ! ಅನ್ನು, ಎಲ್ಲಾರೂ ಅನ್ರಿ!”

ರೇಣವ್ವ ಮಗಳ ಮುಖ ನೋಡಿದಳು. ಸುಳ್ಳು ಹೇಳುವಾಗ ಸಾಕ್ಷಿ ಮೂಗು ತಿಕ್ಕಿಕೊಳ್ಳುತ್ತಾಳೆ, ಚಿಕ್ಕಂದಿನಿಂದ ಹಾಗೆ. ಈಗ ಕೈಗಳೆರಡೂ ಮುಷ್ಟಿ ಕಟ್ಟಿಕೊಂಡು ತೊಡೆಯ ಪಕ್ಕದಲ್ಲಿದ್ದವು. ತಾಯಿಯ ಸಿಟ್ಟು ತಣಿಯಲಿಲ್ಲ, ಎತ್ತ ಹೋಗಬೇಕೆಂದು ತಿಳಿಯದೆ ನಡುವೆ ನಿಂತಿತು.

“ಮದ್ಲಿಂದ ಹೇಳ. ಒದರಬ್ಯಾಡ.”

ಸಾಕ್ಷಿ ಹೇಳಿದಳು. ಇಂಡಿಯ ಆ ಪಿಯು ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಈ ವರ್ಷ ಹೊಸಬರು ಬಂದಿದ್ದಾರೆ, ಅನೀಲಕುಮಾರ ಸರ್. ಬಸವನ ಬಾಗೇವಾಡಿಯವರು. ಕಲಿಸುವುದು ಚೆನ್ನಾಗಿಯೇ ಕಲಿಸುತ್ತಾರೆ. ಮೋಲ್ ಎಂಬ ಪಾಠ ಯಾರಿಗೂ ತಲೆಗೆ ಹೋಗದಿದ್ದಾಗ, ಈ ಸೀಮೆಯ ಮಕ್ಕಳಿಗೆ ತಿಳಿಯಲಿ ಎಂದು ಲಿಂಬೆಯ ಲೆಕ್ಕವೊಂದನ್ನು ಕಟ್ಟಿ ಕಿರುಪರೀಕ್ಷೆಗೆ ಕೊಟ್ಟಿದ್ದರು. ಇಡೀ ವರ್ಗದಲ್ಲಿ ನಾಲ್ಕು ಜನ ಒಂದೇ ತಪ್ಪು ಉತ್ತರ ಬರೆದಿದ್ದರು. ಸಾಕ್ಷಿ, ಇದೇ ಓಣಿಯ ಭೀಮು ಮತ್ತು ಮುತ್ತು, ಮತ್ತೆ ಗುರಪ್ಪ ಸಾವಕಾರರ ಮಗ ಸಂಗಮೇಶ. ನಾಲ್ವರೂ ಒಂದೇ ಊರಿನವರು.

“ಸಂಗಮೇಶಂದು ನೋಡಿ ನಾವ್ ಮೂರೂ ಮಂದಿ ಬರದೇವಂತ. ಕ್ಲಾಸಿನ್ಯಾಗ ಎಲ್ಲಾರ ಮುಂದ ನಿಂದರಿಸಿ ಅಂದ್ರು. ‘ತಪ್ಪು ಉತ್ತರಾ ಕದಿಯೂ ಕಳ್ಳರನ್ನ ಇವತ್ತ ನೋಡಿದ್ನಿ’ ಅಂದ್ರು. ಎಲ್ಲಾರೂ ನಕ್ಕರು. ಭೀಮುನೂ ಮುತ್ತುನೂ ಅಂಜಿ ಅಲ್ಲೇ ಸಹಿ ಹಾಕಿಕೊಟ್ಟಾರ. ನಾ ಹಾಕಲಿಲ್ಲ. ಅದಕ್ಕ ಮನಿಯವರ ಸಹಿನೂ ತಗೊಂಡು ಬಾ ಅಂದ್ರು.”

“ಸಾವಕಾರರ ಸಂಗಪ್ಪ?”

“ಅವನ್ನ ಯಾರು ಕೇಳ್ತಾರ? ಅವ ಶಾಣ್ಯಾ. ಅವಂದು ಬರೇ ತಪ್ಪಂತ.”

ರೇಣವ್ವ ಹೆಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿಯನ್ನು ಬರಿಗೈಯಲ್ಲಿ ಎತ್ತಿ ಬುಟ್ಟಿಗೆ ಒಗೆದಳು. “ಆ ಲೆಕ್ಕಾ ಏನೈತಿ, ಓದು.”

“ಒಂದು ನೂರು ಲಿಂಬೆಯ ತೂಕ ಮೂರು ಕಿಲೋ. ಹಾಗಾದರೆ ಮೂವತ್ತು ಕಿಲೋ ತೂಕದ ಚೀಲದಲ್ಲಿ ಎಷ್ಟು ಲಿಂಬೆ ಇರುತ್ತವೆ?”

“ಸಾವಿರದ ಐವತ್ತು,” ಎಂದಳು ರೇಣವ್ವ, ಮುಂದಿನ ಹಿಟ್ಟಿನ ಉಂಡೆಗೆ ಕೈ ಹಾಕುತ್ತ. “ಮತ್ತ ನೀ ಏನ ಬರದಿದ್ದಿ?”

ಸಾಕ್ಷಿ ತಾಯಿಯನ್ನೇ ಮಿಕಿಮಿಕಿ ನೋಡಿದಳು.

“ಏನ ಬರದಿ ಅಂತ ಕೇಳಾಕತ್ತೇನಿ.”

“ಅದನ್ನ ಬರದೇನಿ, ಅವ್ವಾ. ಸಾವಿರದ ಐವತ್ತು.”

“ಮತ್ತ ತಪ್ಪೆಲ್ಲೈತಿ?”

ಗುರಪ್ಪ ಸಾವಕಾರರ ತೋಟದಲ್ಲಿ ಲಿಂಬೆ ಎಣಿಸುವುದು ರೇಣವ್ವನ ಕೆಲಸ. ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಒಂದು ಕೈಗೆ ಎರಡು, ಇನ್ನೊಂದು ಕೈಗೆ ಮೂರು ಹಣ್ಣು ಹಿಡಿದು ಒಟ್ಟಿಗೆ ಬುಟ್ಟಿಗೆ ಬಿಟ್ಟರೆ ಅದೊಂದು ಎಸೆತ. ಮೊದಲ ಎಸೆತಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಇಪ್ಪತ್ತು ಎಸೆತಕ್ಕೆ ನೂರು ತುಂಬಿದ ಮೇಲೆ, ಹೆಚ್ಚಿಗೆ ಕೊಡುವ ಕೊಸರಿನದೊಂದು. ದಾರಿಯಲ್ಲಿ ಕೊಳೆಯುವುದು, ಒಡೆಯುವುದು ಇದ್ದೇ ಇರುತ್ತದೆ, ಕೊಂಡವನ ಹೊಟ್ಟೆ ಉರಿಯಬಾರದು. ಹಾಗಾಗಿ ಈ ಊರಿನಲ್ಲಿ ಲಿಂಬೆಯ ನೂರು ಎಂದರೆ ನೂರಾ ಐದು. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸಿದ್ದಿಲ್ಲ. ರಾಶಿಯ ಪಕ್ಕದಲ್ಲಿ ಆಡುತ್ತ, ತಾಯಂದಿರ ಎಣಿಕೆ ಕಿವಿಗೆ ಬೀಳುತ್ತ ಮಕ್ಕಳು ತಾವೇ ಕಲಿತದ್ದು. ಸಾಕ್ಷಿ ಕಲಿತದ್ದೂ ಹಾಗೆ, ಭೀಮು ಮತ್ತು ಮುತ್ತು ಕಲಿತದ್ದೂ ಹಾಗೆ. ತೋಟದ ಒಡೆಯರ ಮಗ ಕಲಿತದ್ದೂ ಅದೇ ರಾಶಿಯ ಪಕ್ಕದಲ್ಲಿ.

“ಸರ್ ಸಾವಿರ ಅಂತ ಹೇಳ್ಯಾರ,” ಎಂದಳು ಸಾಕ್ಷಿ ಮೆಲ್ಲಗೆ. ಅವಳಿಗೂ ಆಗಷ್ಟೇ ಹೊಳೆಯುತ್ತಿತ್ತು. “ಅವರ ನೂರಿಗೆ ಕೊಸರಿಲ್ಲ.”

“ಕೊಸರಿಲ್ಲದ ನೂರು ಯಾವ ಊರಾಗೈತಿ?”

“ಬಾಗೇವಾಡಿಯಾಗ ಲಿಂಬಿಕಾಯಿ ಎಣಿಸ್ತಾರೇನ? ಅಲ್ಲಿ ಜ್ವಾಳ, ತೊಗರಿ. ಎಲ್ಲಾ ತಕ್ಕಡಿ ಮ್ಯಾಲ.” ಸಾಕ್ಷಿ ಒಲೆಯ ಮುಂದೆ ಬಂದು ಕೂತಳು. “ಮೋಲ್ ಅಂದ್ರೂ ಹಂಗ ಐತಿ, ಅವ್ವಾ. ಬರೇ ಎಣಿಕಿ. ನೂರು, ಡಜನ್ ಅಂತೀವಲ್ಲ, ಹಂಗ ಅದೊಂದು ಎಣಿಕಿ ಹೆಸರು. ಈ ಇದ್ದಲಿ ಐತಿ ನೋಡ. ಇದರಾಗಿನ ಕಣಾ ಕಣ್ಣಿಗೆ ಕಾಣೂದಿಲ್ಲ. ಎಣಿಸಾಕಂತೂ ಆಗೂದ ಇಲ್ಲ. ಅದಕ್ಕ ತೂಕಾ ಮಾಡಿ ಎಣಿಕಿ ಹಿಡೀತಾರ. ಹನ್ನೆರಡು ಗ್ರಾಂ ಇದ್ದಲಿ ತೂಗಿದ್ರ ಒಂದು ಮೋಲ್. ಕಬ್ಬಿಣಾ ಆದ್ರ ಐವತ್ತಾರು ಗ್ರಾಂ ತೂಗಬೇಕು, ಆಗ ಒಂದು ಮೋಲ್. ಎರಡರಾಗೂ ಕಣದ ಎಣಿಕಿ ಒಂದ.”

“ತೂಕಾ ಬ್ಯಾರೆ, ಎಣಿಕಿ ಒಂದ ಹ್ಯಾಂಗ?”

“ನಮ್ಮ ದಪ್ಪ ಕಾಯಿ ನೂರು, ಗೋಟಿಯಂಥಾ ಕಾಯಿ ನೂರು ಎಣಿಸಿಟ್ರ ತೂಕಾ ಒಂದ ಇರತೈತೇನ?”

“ಇಲ್ಲ.”

“ಕಬ್ಬಿಣದ ಕಣಾ ದಪ್ಪ ಕಾಯಿ ಇದ್ದಂಗ.”

ರೇಣವ್ವ ಸ್ವಲ್ಪ ಹೊತ್ತು ರೊಟ್ಟಿ ತಿರುವಿದಳು. “ಆ ಹನ್ನೆರಡು ಗ್ರಾಮಿನ್ಯಾಗ ಎಷ್ಟ ಅದಾವಂತ?”

“ಆರು ಬರದು ಮುಂದ ಇಪ್ಪತ್ಮೂರು ಸೊನ್ನಿ ಹಾಕಬೇಕು. ಸುಮಾರು ಅಷ್ಟು.”

“ಅಷ್ಟು ಎಣಿಸಿಕೊಟ್ಟ ಮ್ಯಾಲೂ ಒಂದು ಹಿಡಿ ಕೊಸರ ಹಾಕೂದಿಲ್ಲಂದ್ರ ಎಂಥಾ ಜೀನರವಾ ಅವರು!”

ಸಾಕ್ಷಿಗೆ ನಗು ಬಂತು. ನಕ್ಕಳು, ನಗುವಿನ ನಡುವೆಯೇ ಅತ್ತಳು. ರೇಣವ್ವ ಸಮಾಧಾನ ಹೇಳಲಿಲ್ಲ. ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಮುಂದಿಟ್ಟಳು. ಅವಳ ಸಿಟ್ಟಿಗೆ ಈಗ ದಾರಿ ಸಿಕ್ಕಿತ್ತು.

ರೇಣವ್ವನ ಗಂಡ ಭೀಮಶ್ಯಾ ಮನೆಗೆ ಬಂದಾಗ ತಾಯಿ ಮಗಳು ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ಅವನು ಗುರಪ್ಪ ಸಾವಕಾರರ ಟ್ರ್ಯಾಕ್ಟರ್ ಓಡಿಸುತ್ತಾನೆ. ಕೈಕಾಲು ತೊಳೆದು, ಹಾಳೆ ನೋಡಿ, ಮಡಚಿ ಇಟ್ಟ.

“ಸಹಿ ಹಾಕಿ ಕೊಟ್ಟಬಿಡು. ಒಂದು ಹಾಳಿ. ಯಾರು ನೋಡ್ತಾರ ನಾಳೆ?”

“ಯಾರು ನೋಡ್ತಾರಂತ ಕೇಳ್ತಿ? ಹಾಳಿ ಇಟಗೊಂಡವರು ನೋಡ್ತಾರ,” ಎಂದಳು ರೇಣವ್ವ. “ನಾಳೆ ಯಾರದರ ಪೆನ್ನು ಕಳದ್ರ ಯಾರನ್ನ ಹಿಡೀತಾರ? ಕಾಗದಾ ತೋರಿಸಿ, ಈಕಿ ಮದ್ಲ ಕಳ್ಳಿ ಅಂತಾರ.”

“ಸಾವಕಾರರ ಹುಡುಗನ ಹೆಸರು ಎತ್ತಿದ್ರ ನಮಗ...”

“ನಾ ಅವನ ಹೆಸರು ಎತ್ತಿಲ್ಲ. ಸರ್ ಎತ್ಯಾರ. ಅವನ ಪೇಪರು ನೋಡಿ ಬರದಾರಂತ ಅವರ ಅಂದಾರ.”

ಭೀಮಶ್ಯಾ ರೊಟ್ಟಿಯ ಬುಟ್ಟಿ ಎಳೆದುಕೊಂಡ. ಹೆಂಡತಿಯ ಜೊತೆ ವಾದ ಮಾಡಿ ಗೆದ್ದದ್ದು ಅವನಿಗೆ ನೆನಪಿಲ್ಲ. ಆದರೆ ಅವನು ವಾದ ಬಿಟ್ಟದ್ದು ಒಪ್ಪಿಗೆಯಲ್ಲ, ಅದು ರೇಣವ್ವನಿಗೆ ಗೊತ್ತಿತ್ತು. ಹೆದರಿಕೆಗೆ ಅವಳು ಬೈಯಲಿಲ್ಲ. ಅವಳಿಗೂ ಹೆದರಿಕೆ ಇತ್ತು, ಸಿಟ್ಟು ಅದರ ಮೇಲೆ ಕೂತಿತ್ತು ಅಷ್ಟೆ.

ಮರುದಿನ ಬೆಳಿಗ್ಗೆ ಅವಳು ತೋಟಕ್ಕೆ ಹೋಗದೆ ಮಗಳ ಜೊತೆ ಇಂಡಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಬಸ್ಸು ಕುಲುಕಿದ ಕಡೆಯೆಲ್ಲ ಮಾತು ಇನ್ನಷ್ಟು ಖಾರವಾಯಿತು. ಸಾಕ್ಷಿ ಮಾತ್ರ ಕಿಟಕಿಗೆ ತಲೆ ಆನಿಸಿ ಕೂತಿದ್ದಳು.

ಅನೀಲಕುಮಾರ ಸ್ಟಾಫ್ ರೂಮಿನಲ್ಲಿ ಒಬ್ಬರೇ ಕೂತು ಚಹಾ ಕುಡಿಯುತ್ತಿದ್ದರು. ಸಣ್ಣ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ಮುಖದಲ್ಲಿ ಕೆಡುಕಿರಲಿಲ್ಲ. ಅದನ್ನು ಕಂಡು ರೇಣವ್ವನಿಗೆ ಇನ್ನೂ ಸಿಟ್ಟು ಬಂತು. ಕೆಟ್ಟ ಮುಖದವನಾಗಿದ್ದರೆ ಬೈಯಲು ಸಲೀಸಾಗುತ್ತಿತ್ತು.

“ಬಾರವಾ. ಸಹಿ ಮಾಡಿ ತಂದೀರೇನ?”

“ಇಲ್ರಿ. ನಿಮ್ಮ ಲೆಕ್ಕ ತಪ್ಪೈತಿ ಅಂತ ಹೇಳಾಕ ಬಂದೇನ್ರಿ.”

ಅವರ ಚಹಾದ ಕಪ್ಪು ಬಾಯಿಯ ಹತ್ತಿರವೇ ನಿಂತಿತು. ಸಾಕ್ಷಿ ತಾಯಿಯ ಸೆರಗು ಜಗ್ಗಿದಳು. “ಅವ್ವಾ, ಸುಮ್ಮಿರು. ಲೆಕ್ಕ ಅವರದು ತಪ್ಪಿಲ್ಲ, ನಂದ ತಪ್ಪು. ಸರ್, ನೂರು ಅಂದ್ರ ನೂರ ಹಿಡೀಬೇಕಿತ್ತು. ಮೋಲಿನ್ಯಾಗ ಹೆಚ್ಚು ಕಡಿಮಿ ಇರಂಗಿಲ್ಲ. ನಾ ನೂರಾ ಐದು ಹಿಡದ್ನಿ.”

“ನೋಡ್ರಿ, ಹುಡುಗಿನ ಒಪ್ಪಿಕೊಂಡ್ಳು,” ಎಂದರು ಅನೀಲಕುಮಾರ. ಕಪ್ಪು ಕೆಳಗಿಟ್ಟರು. “ನನಗೂ ಮಕ್ಕಳ ಮ್ಯಾಲೆ ದ್ವೇಷ ಇಲ್ಲವಾ ತಾಯಿ. ಸಹಿ ಹಾಕಿ ಕೊಡ್ರಿ, ಮುಗದ ಹೋತು.”

“ತಪ್ಪು ಒಪ್ಪಿಕೊಂಡೇನ್ರಿ ಸರ್. ಕಳವು ಒಪ್ಪಿಕೊಂಡಿಲ್ಲ.” ಸಾಕ್ಷಿ ತಾಯಿಯ ಸೆರಗು ಬಿಟ್ಟಳು. “ನೂರಕ್ಕ ಐದು ಕೊಸರ ಹಾಕೂದು ನಮ್ಮೂರ ರೂಢಿ ರೀ. ಅದಕ್ಕ ಎಲ್ಲಾರದೂ ಒಂದ ಬಂದೈತಿ.”

“ಆಹಾ! ರಾತ್ರಿ ಕುಂತು ಚಲೋ ಕಥಿ ಕಟಗೊಂಡು ಬಂದೀರಿ.”

ರೇಣವ್ವ ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಆವಿಯಾಗಿ ಹೋಗಿತ್ತು. ಉಳಿದದ್ದು ಒಂದೇ ಪ್ರಶ್ನೆ.

“ಸರ್, ಒಂದ ಮಾತು ಹೇಳ್ರಿ. ಇವ್ರು ಮೂರೂ ಮಂದಿ ಸಂಗಪ್ಪಂದು ನೋಡಿ ಬರದ್ರು ಅಂತೀರಿ. ಸಂಗಪ್ಪ ಯಾರದು ನೋಡಿ ಬರದ?”

“ಅವ ಯಾರದು ನೋಡ್ತಾನ? ಶಾಣ್ಯಾ ಹುಡುಗ. ಒಂದ ಸಲ ತಪ್ಪಿರತಾನ.”

“ಅವ ತನ್ನಷ್ಟಕ್ಕ ತಾ ತಪ್ಪಬಹುದು. ನನ್ನ ಮಗಳಿಗೆ ತನ್ನಷ್ಟಕ್ಕ ತಾ ತಪ್ಪಾಕೂ ಬರೂದಿಲ್ಲೇನ್ರಿ? ತಪ್ಪಬೇಕಂದ್ರೂ ಸಾವಕಾರರ ಮಗನ ಪೇಪರ ನೋಡಬೇಕೇನ್ರಿ?”

ಅನೀಲಕುಮಾರರ ಮುಖ ಕೆಂಪಾಯಿತು. “ನೋಡವಾ, ಕಾಲೇಜಿಗೆ ಬಂದು ಹಿಂಗ ದನಿ ಏರಿಸಿ...”

“ಏರಸ್ತೇನ್ರಿ. ನೀವು ಕ್ಲಾಸಿನ್ಯಾಗ ಕಳ್ಳರು ಅಂದಾಗ ದನಿ ಇಳಿಸಿ ಅಂದಿದ್ರೇನ್ರಿ? ಆಕಿ ಎಲ್ಲಿ ಕುಂತಿದ್ಳು, ಅವ ಎಲ್ಲಿ ಕುಂತಿದ್ದ? ಹೇಳ್ರಿ.”

ಸಂಗಮೇಶ ಹುಡುಗರ ಸಾಲಿನ ಮೊದಲ ಬೆಂಚು. ಸಾಕ್ಷಿ ಹುಡುಗಿಯರ ಸಾಲಿನ ಕೊನೆಯ ಬೆಂಚು. ಅದನ್ನು ಬಾಯಿಬಿಟ್ಟು ಹೇಳುವ ಮನಸ್ಸು ಅನೀಲಕುಮಾರರಿಗೆ ಆಗಲಿಲ್ಲ. ಅವರು ಬಾಗಿಲ ಕಡೆ ತಿರುಗಿ ಅಟೆಂಡರ್ ಯಾಕೂಬಸಾಬನನ್ನು ಕರೆದು, ಸಂಗಮೇಶನನ್ನು ಕಳಿಸಲು ಹೇಳಿದರು. ಹುಡುಗ ಬಂದು ಇವರ ಕಥೆಯನ್ನು ಒಡೆದು ಹಾಕುತ್ತಾನೆ ಎಂಬ ಧೈರ್ಯ ಅವರಿಗಿತ್ತು.

ಸಂಗಮೇಶ ಬಂದ. ರೇಣವ್ವನನ್ನು ಕಂಡು ಬಾಗಿಲಲ್ಲೇ ತಡೆದು ನಿಂತ.

“ಸಂಗಮೇಶ, ಮೂವತ್ತು ಕಿಲೋದ ಚೀಲದಾಗ ನೀ ಸಾವಿರದ ಐವತ್ತು ಅಂತ ಹ್ಯಾಂಗ ಬರದಿ?”

“ಹತ್ತು ನೂರು ಆಗತಾವಲ್ರಿ ಸರ್. ಒಂದೊಂದು ನೂರಕ್ಕ ಐದು ಕೊಸರ. ಐವತ್ತು.” ಹುಡುಗ ಗಲ್ಲ ಕೆರೆದುಕೊಂಡ. “ಹಂಗ ಅಲ್ಲೇನ್ರಿ? ನಮ್ಮ ತ್ವಾಟದಾಗ ಹಂಗ ಎಣಿಸ್ತಾರಿ. ಈ ರೇಣವ್ವನ ಎಣಿಸ್ತಾಳಲ್ರಿ.”

ತಾಯಿಯ ವಯಸ್ಸಿನವಳನ್ನು ಎದುರಿಗೇ ಏಕವಚನದಲ್ಲಿ ಅಂದದ್ದನ್ನು ರೇಣವ್ವ ಕೇಳಿಸಿಕೊಂಡಳು. ಅದರ ಜಗಳ ಬೇರೆ, ಅದಕ್ಕೆ ಬೇರೆ ದಿನ ಬರುತ್ತದೆ. ಇವತ್ತು ಅವಳು ಕೇಳಿದ್ದು ಇಷ್ಟೇ. “ತಮ್ಮಾ, ಇವರನ್ನ ಕಳ್ಳರು ಅಂದದ್ದು ನಿನಗ ಗೊತ್ತಿತ್ತೇನ?”

“ಗೊತ್ತಿತ್ತು. ಅಲ್ಲೇ ಇದ್ನಿ.”

“ಮತ್ತ ಆಗ ಈ ಮಾತು ಯಾಕ ಹೇಳಲಿಲ್ಲ?”

“ನನ್ನ ಯಾರೂ ಕೇಳಲಿಲ್ಲ.”

ಹುಡುಗ ಸೊಕ್ಕಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ. ರೇಣವ್ವನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ಬೈಯಲು ಬಾಯಿ ತೆರೆದಳು. ಎದುರಿಗಿದ್ದದ್ದು ಮೀಸೆ ಚಿಗುರದ ಹುಡುಗನ ಮುಖ. ಬಾಯಿ ಮುಚ್ಚಿಕೊಂಡು ಮೇಷ್ಟರ ಕಡೆ ತಿರುಗಿದಳು.

ಅನೀಲಕುಮಾರ ಪೆನ್ನಿನ ಟೊಪ್ಪಿಗೆ ತೆಗೆದರು, ಹಾಕಿದರು. “ಸಂಗಮೇಶ, ನೀ ಕ್ಲಾಸಿಗೆ ಹೋಗು,” ಎಂದರು. ಅವನು ಹೋದ ಮೇಲೆ ಸಾಕ್ಷಿ ಕಡೆ ನೋಡದೆ, “ಆತು. ನಿನ್ನ ಲೆಟರ್ ಬ್ಯಾಡ. ನೀನೂ ಹೋಗು,” ಎಂದರು.

ಸಾಕ್ಷಿ ಹೊರಡಲು ತಿರುಗಿದಳು. ರೇಣವ್ವ ಕದಲಲಿಲ್ಲ.

“ಭೀಮುಂದು, ಮುತ್ತುಂದು?”

“ಅವು ಪ್ರಿನ್ಸಿಪಾಲರ ಕಡೆ ಹೋಗ್ಯಾವ. ಕಪಾಟಿನ್ಯಾಗ ಅದಾವ.”

“ತರಸ್ರಿ.”

“ಅವರು ಮುದ್ದೇಬಿಹಾಳಕ್ಕ ಹೋಗ್ಯಾರ, ನಾಳೆ ಬರ್ತಾರ. ನಾಳೆ ನೋಡೂಣು.”

“ಚಾವಿ?”

ಬಾಗಿಲಲ್ಲಿ ನಿಂತಿದ್ದ ಯಾಕೂಬಸಾಬ ಛಾವಣಿಯನ್ನೇ ನೋಡುತ್ತ ಹೇಳಿದ: “ಚಾವಿ ನನ್ನ ಕಡೆ ಐತ್ರಿ ಸರ್.”

ಅನೀಲಕುಮಾರ ಅವನನ್ನು ಸುಡುವಂತೆ ನೋಡಿದರು. ರೇಣವ್ವ ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಕೂತೇಬಿಟ್ಟಳು. ಆ ಕೋಣೆಯಲ್ಲಿ ಅವಳಿಗೆ ಯಾರೂ ಕೂರು ಎಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಎರಡು ಹಾಳೆಗಳು ಮೇಜಿನ ಮೇಲೆ ಬಂದವು. ಭೀಮುವಿನ ಸಹಿ ಹಾಳೆಯ ಮೂಲೆಯಲ್ಲಿ ಇಷ್ಟೇ ಇಷ್ಟು ಚಿಕ್ಕದಾಗಿ ಮುದುಡಿ ಕೂತಿತ್ತು. ಅನೀಲಕುಮಾರ ಎರಡನ್ನೂ ಹರಿದು ಕಸದ ಡಬ್ಬಿಗೆ ಹಾಕಿದರು.

“ಸಾಕೇನವಾ ಈಗ?”

“ಇಲ್ರಿ. ಕ್ಲಾಸಿನ್ಯಾಗ ಅಂದೀರಿ. ಕ್ಲಾಸಿನ್ಯಾಗ ಹೇಳಬೇಕು.”

“ಇದು ಅತೀ ಆತು.”

“ಹೌದ್ರಿ. ನಕ್ಕವರು ಇಲ್ಲಿ ಇಲ್ಲಲ್ರಿ, ಅಲ್ಲಿ ಕುಂತಾರ. ನೀವು ಇಲ್ಲಿ ಹರದದ್ದು ಅವರಿಗೇನು ಗೊತ್ತು?”

ಗಂಟೆ ಹೊಡೆಯಿತು. ಮುಂದಿನ ತಾಸು ಅನೀಲಕುಮಾರರದೇ. ಅವರು ಪುಸ್ತಕ ಎತ್ತಿಕೊಂಡು, ಹೌದು ಎನ್ನದೆ, ಇಲ್ಲ ಎನ್ನದೆ ಹೊರಟರು. ಸಾಕ್ಷಿ ಅವರ ಹಿಂದೆ, ರೇಣವ್ವ ಸಾಕ್ಷಿಯ ಹಿಂದೆ. ವರ್ಗದ ಬಾಗಿಲಲ್ಲಿ ರೇಣವ್ವ ನಿಂತಳು. ಮಕ್ಕಳು ಎದ್ದು ನಿಂತು ನಮಸ್ತೆ ಹೇಳಿ ಕೂತರು. ಎಲ್ಲರ ಕಣ್ಣೂ ಬಾಗಿಲ ಮೇಲೆ. ಸಾಕ್ಷಿ ತಲೆ ತಗ್ಗಿಸಿ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು.

ಅನೀಲಕುಮಾರ ಹಲಗೆಯ ಕಡೆ ಮುಖ ಮಾಡಿ ತಾರೀಖು ಬರೆದರು. ಪಾಠದ ಹೆಸರು ಬರೆದರು. ಆಮೇಲೆ ತಿರುಗಿದರು.

“ಲಿಂಬಿ ನೂರು ಅಂದ್ರ ಎಷ್ಟು? ನಿಮ್ಮ ನಿಮ್ಮ ಊರಾಗ ಎಷ್ಟು ಎಣಿಸ್ತಾರ, ಹೇಳ್ರಿ.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಭೀಮು ಅಳುಕುತ್ತ ನೂರಾ ಐದು ಎಂದ. ಸಂಗಮೇಶನೂ ಅದನ್ನೇ ಹೇಳಿದ. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು, “ನಮ್ಮ ಕಡೆ ನೂರಾ ಹತ್ತರಿ. ಅದಕ್ಕ ನಾ ಸಾವಿರದ ನೂರು ಬರದಿದ್ನಿ, ನೀವು ಗುಣಾಕಾರ ತಪ್ಪು ಅಂತ ಅಡ್ಡಗೀಟು ಹೊಡದ್ರಿ,” ಎಂದಳು. ಕನ್ನೊಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗ, “ನೂರಂದ್ರ ನೂರ ರೀ, ಇವರಿಗೇನು ಹುಚ್ಚು?” ಎಂದ. ವರ್ಗವೆಲ್ಲ ಗೊಳ್ಳೆಂದಿತು. ಅನೀಲಕುಮಾರರೂ ಅರ್ಧ ನಕ್ಕರು. ಲಿಂಬೆಯ ನೂರು ಊರಿಗೊಂದು ಇದ್ದರೂ ನಡೆಯುತ್ತದೆ, ಆದರೆ ಮೋಲ್ ಇಂಡಿಯಲ್ಲೂ ಅಷ್ಟೇ, ಲಂಡನ್ನಿನಲ್ಲೂ ಅಷ್ಟೇ, ಎಲ್ಲರ ಎಣಿಕೆ ಒಂದೇ ಇರಲೆಂದೇ ಅದನ್ನು ಮಾಡಿದ್ದು ಎಂದು ಬಿಡಿಸಿ ಹೇಳಿದರು. ಚೆನ್ನಾಗಿಯೇ ಹೇಳಿದರು. ಮಕ್ಕಳು ಬರೆದುಕೊಂಡರು.

ರೇಣವ್ವ ನಗಲಿಲ್ಲ. ಬಾಗಿಲ ಚೌಕಟ್ಟಿಗೆ ಕೈ ಹಚ್ಚಿ ನಿಂತೇ ಇದ್ದಳು. ಮಾತು ಮೋಲಿನ ಕಡೆ ಜಾರಿಕೊಂಡು ಹೋಗುತ್ತಿರುವುದು ಅವಳಿಗೆ ಕಾಣುತ್ತಿತ್ತು.

ಅನೀಲಕುಮಾರ ಒಮ್ಮೆ ಬಾಗಿಲ ಕಡೆ ನೋಡಿದರು. ಸುಣ್ಣದ ಕಡ್ಡಿ ಕೆಳಗಿಟ್ಟರು.

“ಮತ್ತ ನಿನ್ನೆ ಕಾಪಿ ಅಂತ ಒಂದು ಮಾತು ಬಂದಿತ್ತು. ಸಾಕ್ಷಿ, ಭೀಮು, ಮುತ್ತು ಕಾಪಿ ಮಾಡಿಲ್ಲ. ತಿಳುವಳಿಕಿ ತಪ್ಪಾಗಿತ್ತು. ಸರಿ, ಪುಸ್ತಕಾ ತಗೀರಿ.”

ಪುಟ ತಿರುವುವ ಸದ್ದಾಯಿತು.

“ಯಾರ ತಿಳುವಳಿಕಿರಿ ಸರ್?” ಎಂದಳು ರೇಣವ್ವ ಬಾಗಿಲಿಂದ.

ಸದ್ದು ನಿಂತಿತು. ಸಾಕ್ಷಿ ಕಣ್ಣು ಮುಚ್ಚಿಕೊಂಡಳು. ಅನೀಲಕುಮಾರ ಕಿಟಕಿಯ ಹೊರಗೆ ನೋಡಿದರು, ಕೈಗೆ ಅಂಟಿದ ಬಿಳಿ ಪುಡಿಯನ್ನು ಉಜ್ಜಿಕೊಂಡರು. ಮಕ್ಕಳು ಕಾದರು. ರೇಣವ್ವನೂ ಕಾದಳು. ಅವಳಿಗೆ ಇವತ್ತು ಬೇರೆ ಕೆಲಸವಿರಲಿಲ್ಲ.

“ನಂದು,” ಎಂದರು ಅವರು.

ರೇಣವ್ವ ಸೆರಗು ಹೊದ್ದುಕೊಂಡು ವರಾಂಡಕ್ಕೆ ಇಳಿದಳು. ಸಿಟ್ಟು ಇನ್ನೂ ಇತ್ತು. ಬಸ್ ನಿಲ್ದಾಣದವರೆಗೆ ಅದರ ಜೊತೆಗೇ ನಡೆದಳು.